ಮೂರನೇ ಮಹಡಿಯ ಮಣ್ಣಿ

ಹಬ್ಬಕ್ಕೆ ಎರಡು ದಿನ ಇರುವಾಗ ಉಮ್ ಜಾಸಿಮ್
ನಮ್ಮ ಬಾಗಿಲ ಹಿಡಿಗೆ ಒಂದು ಚೀಲ ಸಿಕ್ಕಿಸಿ ಹೋಗಿದ್ದಳು.
ಒಳಗೆ ಕನಾರ್. ಅರ್ಧ ಹಳದಿ, ಅರ್ಧ ಹಸಿರು,
ಎರಡು ಮೂರರ ಮೇಲೆ ಬುಲ್‌ಬುಲ್ ಕುಕ್ಕಿದ ಗುರುತು.
ಮುಹರ್ರಕಿನ ಈ ಗಲ್ಲಿಯಲ್ಲಿ ಉಳಿದಿರುವುದು ಅವಳದೊಂದೇ ಮರ;
ವಿಮಾನಗಳು ಅದರ ನೆತ್ತಿ ಸವರಿಕೊಂಡೇ ಇಳಿಯುತ್ತವೆ.

ಕಚ್ಚಿ ನೋಡೋಣವೆಂದರೆ ಉಪವಾಸ. ಮೂಸಿದೆ.
ನಮ್ಮ ಬೋರೆಯೇ.
ಶಾಲೆಯ ಗೇಟಿನ ಹೊರಗೆ ಉಪ್ಪುಖಾರ ಉದುರಿಸಿ
ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದದ್ದು.
ಇಲ್ಲಿ ಅದಕ್ಕೆ ಬೇರೆ ಹೆಸರು, ಅಷ್ಟೆ.
ಮೂಸಿದ ಮಾತ್ರಕ್ಕೇ ಹಲ್ಲು ಜುಮ್ಮೆಂದಿತು.

ನಾನು ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನವಳು.
ನೇರಳೆ ಮುಚ್ಚಳದ ಸೀಸೆಗಳು ಸಾಲುಗಟ್ಟಿ ಬರುತ್ತವೆ,
ಯಂತ್ರ ಮೂರು ತಿಂಗಳ ಸಿಹಿಯ ಲೆಕ್ಕ ಒಪ್ಪಿಸುತ್ತದೆ.
ನಿನ್ನೆ ರಾತ್ರಿ ಒಂದು ಹೊತ್ತು ಊಟ ಬಿಟ್ಟೆನೆಂದರೆ
ಅದು ನಂಬುವುದಿಲ್ಲ.
ಸೀಸೆಯ ಮೇಲಿನ ಹೆಸರು ಓದಬಾರದು ಅಂತಲ್ಲ,
ಓದಿದ್ದನ್ನು ಮನೆಗೆ ತರಬಾರದು.
ಏನು ಮಾಡಲಿ, ನಮ್ಮ ಇಡೀ ಕಟ್ಟಡ ರಕ್ತ ಕೊಡಲು ಬರುವುದು ಅಲ್ಲಿಗೇ.

ಲಿಫ್ಟಿನಲ್ಲಿ ಮೊಯ್ದಿನಾಕ "ಸೌಖ್ಯವಾ ಮಗಳೇ" ಎಂದರೆ
ನನ್ನ ಒಳಕಿವಿಗೆ ಒಂಬತ್ತೂವರೆ ಎಂದು ಕೇಳುತ್ತದೆ.
ಸುಲೋಚನಕ್ಕನ ಬಳೆ ಸದ್ದಿಗೆ, ಎಂಟು ಪಾಯಿಂಟ್ ಒಂದು.
ಅವಿಲ್ ಇದ್ದಾನಲ್ಲ, ಗ್ಯಾರೇಜಿನ ಹುಡುಗ,
ಮೂವತ್ತು ತುಂಬಿಲ್ಲ, ಮೇ ತಿಂಗಳಿಗೆ ಮದುವೆ.
ಅವನ ಸೀಸೆಯನ್ನು ಎರಡನೇ ಸಲ ಯಂತ್ರಕ್ಕೆ ಇಟ್ಟು ನೋಡಿದ್ದೆ.
ನಂಬರು ಬದಲಾಗಲಿಲ್ಲ.

ಚಂದ್ರ ಕಂಡ ಸುದ್ದಿ ಬರುವಾಗ ರಾಗಿ ನೆನೆದಿತ್ತು.
ಅರೆದು, ಬಟ್ಟೆಯಲ್ಲಿ ಹಿಂಡಿ, ಹಾಲು ತೆಗೆದೆ.
ಕನಾರನ್ನು ಲೋಟದ ತಳದಿಂದ ಒಂದೊಂದೇ ಅಮುಕಿ
ಬೀಜ ಬಿಡಿಸಿ, ಬೇಯಿಸಿ, ಜರಡಿಗೆ ತಿಕ್ಕಿದೆ.
ಉಮ್ಮ ಕಲಿಸಿದ ಅಳತೆ, ಲೋಟ ರಾಗಿಗೆ ಮೂರು ಅಚ್ಚು ಬೆಲ್ಲ.
ಮೂರನ್ನೂ ಎದುರಿಗಿಟ್ಟುಕೊಂಡು ಕೂತೆ.
ಒಂದನ್ನು ಡಬ್ಬಿಗೆ ಹಿಂದಿರುಗಿಸಿದೆ.
ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನು.
ಉಳಿದದ್ದನ್ನು ನಡುವಿಗೆ ಒಡೆದು
ಅರ್ಧ ನನ್ನ ಬಾಯಿಗೇ ಹಾಕಿಕೊಂಡೆ, ಹಬ್ಬವಲ್ಲವೇ.
(ನನ್ನ ಸೀಸೆಯನ್ನು ನಾನು ಇನ್ನೂ ಯಂತ್ರಕ್ಕೆ ಇಟ್ಟಿಲ್ಲ.)

ಹುಳಿಗೆ ತೆಂಗಿನ ಹಾಲು ಒಡೆದೀತೆಂಬ ಹೆದರಿಕೆ. ಒಡೆಯಲಿಲ್ಲ.
ಮಣ್ಣಿ ತಿರುವುವಾಗ ಕೈ ನಿಲ್ಲಿಸುವಂತಿಲ್ಲ,
ಫೋನು ಎರಡು ಸಲ ಹೊಡೆದು ಸುಮ್ಮನಾಯಿತು.
ಸೌಟಿನ ಹಿಂದೆಯೇ ಬಾಣಲೆಯ ತಳ ಕಾಣುವ ಹದಕ್ಕೆ
ಏಲಕ್ಕಿ ಹಾಕಿ, ತಟ್ಟೆಗೆ ಸುರಿದು,
ಕಿಟಕಿಯ ಬಳಿ ಆರಲು ಬಿಟ್ಟೆ.

ಮರುದಿನ ಮಧ್ಯಾಹ್ನ ಮೊಯ್ದಿನಾಕನ ಮನೆಯಲ್ಲಿ ಎಲ್ಲರೂ.
ಪಾಕದಲ್ಲಿ ತೇಲುವ ಜಾಮೂನು, ಕೆಂಪು ಶರಬತ್ತು, ಅಂಗಡಿಯ ಕೇಕು,
ನಡುವೆ ಎಣ್ಣೆಗಪ್ಪಿನ ಹುಡುಗಿಯ ಹಾಗೆ ನನ್ನ ತಟ್ಟೆ.
ಮೊಯ್ದಿನಾಕ ಮೊದಲ ತುಂಡಿಗೇ ಒಂದು ಕಣ್ಣು ಮುಚ್ಚಿದರು.
"ಬೆಲ್ಲ ಮರೆತೆಯಾ?"
"ಮರೆತೆ."
ಉಪವಾಸದ ತಿಂಗಳು ಮುಗಿದ ಮೊದಲ ಹಗಲಿನ
ಮೊದಲ ಸುಳ್ಳು.
"ಮಣ್ಣಿಗೂ ಉಪ್ಪಿನಕಾಯಿಗೂ ಮದುವೆ ಮಾಡಿಸಿದ್ದೀ ಮಾರಾಯ್ತಿ,"
ಸುಲೋಚನಕ್ಕ ಅಂದಳು. ನಕ್ಕರು.
ನಗುತ್ತ ನಗುತ್ತ ಇನ್ನೊಂದು ತುಂಡು, ಮತ್ತೊಂದು;
ಹುಳಿಯ ಗುಣವೇ ಹಾಗೆ, ಬೈಯಲಾದರೂ ಮತ್ತೆ ತಿನ್ನಬೇಕು.
ಜಾಮೂನು ಮಾತ್ರ ಯಾರೂ ಬಿಡಲಿಲ್ಲ. ಅದೂ ಖಾಲಿ.

ಸಂಜೆ ಪಾತ್ರೆ ತೊಳೆಯುವಾಗ ಅವಿಲ್ ಬಂದ,
ಒರೆಸಿ ಕೊಡುತ್ತೇನೆಂದು ಬಟ್ಟೆ ತೆಗೆದುಕೊಂಡ.
ನಾಲ್ಕು ಲೋಟ ಮುಗಿಸಿ, ಮುಖ ಎತ್ತದೆ ಕೇಳಿದ,
"ಎಷ್ಟು ಅಂತ ನಿಮಗೆ ಗೊತ್ತಲ್ಲ, ಅಕ್ಕ?"

ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ.
"ಬೆಲ್ಲವಾ? ಅರ್ಧ ಅಚ್ಚು."

ಹೂಂ ಎಂದ.
ಮಣ್ಣಿಯ ತಟ್ಟೆಯನ್ನೆತ್ತಿ ಒರೆಸತೊಡಗಿದ,
ಒಣಗಿದ ಮೇಲೂ.